ಎರಡನೆಯ ಈಡು

೨೦೧೬ರ ನವೆಂಬರ್ ೨೨, ಮಂಗಳವಾರ, ಬೆಳಗಿನ ಐದು ಗಂಟೆ ಹತ್ತು ನಿಮಿಷ. ರಾತ್ರಿಯಿಡೀ ಬಿದ್ದ ಹಿಮ ಆಗಷ್ಟೇ ನಿಂತಿತ್ತು. ಮಾರ್ವಾ ಪೆಲ್ಕಿ ಬೇಟೆಮನೆಯ ಬಾಗಿಲು ತೆರೆದು, ಮೆಟ್ಟಿಲ ಮೇಲಿನ ಹಿಮದೊಳಗೆ ಎಡಗೈ ಇಳಿಸಿ ನೋಡಿದಳು. ನಾಲ್ಕಂಗುಲ. ಕಾಲಿಟ್ಟರೆ ಸದ್ದು ಮಾಡದ ಹಸಿ ಹಿಮ. ಹೆಜ್ಜೆ ಬಿದ್ದರೆ ಅಚ್ಚು ಒತ್ತಿದ ಹಾಗೆ ನಿಲ್ಲುವಂಥದು. ಬೇಟೆಮನೆಯ ಮೂವರೂ ಮೂರು ವಾರದಿಂದ ಕಾಯುತ್ತಿದ್ದದ್ದು ಇದಕ್ಕೇ. ಬೇಟೆಯ ಕಾಲ ಶನಿವಾರಕ್ಕೆ ಮುಗಿಯುತ್ತಿತ್ತು.

"ಎಷ್ಟು ಬಿದ್ದಿದೆ?" ಒಳಗಿನಿಂದ ಅಪ್ಪನ ದನಿ.

"ನಾಲ್ಕಂಗುಲ. ಹಸಿ."

"ದೇವರು ಇದಾನೆ ಹಾಗಾದ್ರೆ," ಎಂದ ಓರಿನ್, ಕಾವಲಿಯ ಮೇಲಿನ ಪ್ಯಾನ್‌ಕೇಕನ್ನು ಮಗುಚುತ್ತಾ. ಎಪ್ಪತ್ತೈದು ವರ್ಷದ ಮುದುಕ, ಉಣ್ಣೆಯ ಒಳಚಡ್ಡಿಯಲ್ಲೇ ಒಲೆಯ ಮುಂದೆ ನಿಂತಿದ್ದ. "ವೆಂಡಲ್! ಏಳೋ. ಹಿಮ ಬಿದ್ದಿದೆ."

ಮೇಲಿನ ಮಂಚದಲ್ಲಿ ಮಲಗಿದ್ದ ವೆಂಡಲ್, ಓರಿನ್‌ನ ಸತ್ತುಹೋದ ತಮ್ಮನ ಮಗ, ಕಂಬಳಿಯಿಂದ ಮೂಗಷ್ಟೇ ಹೊರಗೆ ತೆಗೆದ. "ಕತ್ತರಿ ಎಲ್ಲಿದೆ ದೊಡ್ಡಪ್ಪ? ಮೊದಲು ಅದನ್ನ ಹುಡುಕಿಟ್ಕೊಳ್ಳೋಣ. ಮಾರ್ವಾ, ಇವತ್ತು ಒಳ್ಳೇ ಅಂಗಿ ಹಾಕ್ಕೋಬೇಡಮ್ಮ."

ಕತ್ತರಿಯ ಮಾತು ಬರೀ ತಮಾಷೆಯಲ್ಲ. ಬೇಟೆಮನೆಯ ಉತ್ತರದ ಗೋಡೆಯ ತುಂಬ ಬಟ್ಟೆಯ ತುಂಡುಗಳು ತೂಗಾಡುತ್ತಿದ್ದವು. ಈಡು ತಪ್ಪಿಸಿದವರ ಅಂಗಿಯ ಹಿಂಬದಿಯ ತುದಿಯನ್ನು ಕತ್ತರಿಸಿ, ಹೆಸರು ಇಸವಿ ಬರೆದು ಮೊಳೆ ಹೊಡೆಯುವುದು ಆ ಕಡೆಯ ಎಲ್ಲ ಬೇಟೆಮನೆಗಳ ಪದ್ಧತಿ. ಪೆಲ್ಕಿಗಳದು ಮಾತ್ರ ಒಂದು ಹೆಜ್ಜೆ ಮುಂದೆ. ಓರಿನ್‌ನ ಅಪ್ಪ ಮಾಡಿಟ್ಟ ನಿಯಮ: ಎರಡು ವರ್ಷ ಸತತವಾಗಿ ಅಂಗಿ ಕೊಟ್ಟವರು ಜಾಡು ಹಿಡಿಯುವುದನ್ನು ಬಿಡಬೇಕು. ಆಮೇಲೆ ಅವರು ಮರ ಕಡಿದ ಹಳೇ ಕೂಪಿನ ಅಂಚಿನಲ್ಲಿ ಮರದ ಬುಡಕ್ಕೆ ಬೆನ್ನು ಕೊಟ್ಟು ಕೂತು, ಬಂದದ್ದಕ್ಕೆ ಗುರಿ ಇಡಬಹುದು. ಹಿಮದ ಮೇಲಿನ ಹೆಜ್ಜೆಯ ಹಿಂದೆ ಹೋಗುವ ಹಾಗಿಲ್ಲ. ಗಾಯಗೊಂಡ ಜಿಂಕೆ ಕಾಡಲ್ಲಿ ಎರಡು ದಿನ ನರಳಿ ಸತ್ತದ್ದನ್ನು ಕಂಡ ಮುದುಕ ಮಾಡಿದ ನಿಯಮ ಅದು. ಇದುವರೆಗೆ ಯಾರೂ ಅದನ್ನು ಪ್ರಶ್ನಿಸಿರಲಿಲ್ಲ.

ಗೋಡೆಯ ಕೊನೆಯ ಮೊಳೆಯಲ್ಲಿ ಹಸಿರು ಚೌಕುಳಿಯ ತುಂಡು. 'ಮಾರ್ವಾ, ೨೦೧೫.'

ನಲವತ್ತೇಳು ವರ್ಷದ ಮಾರ್ವಾಗೆ ಹನ್ನೆರಡನೇ ವಯಸ್ಸಿನಿಂದ ಗೊತ್ತಿದ್ದ ಬೇಟೆ ಒಂದೇ. ಹೊಸ ಹಿಮದ ಮೇಲೆ ಒಂದು ದೊಡ್ಡ ಹೆಜ್ಜೆ ಹುಡುಕುವುದು, ಅದು ಹೋದಲ್ಲೆಲ್ಲ ಹೋಗುವುದು, ಕೊನೆಗೆ ಅದರ ಯಜಮಾನನನ್ನು ಕಾಣುವುದು. ಒಂದೇ ಕಡೆ ಕೂತು ಕಾಯುವುದೆಂದರೆ ಅವಳಿಗೆ ಬಸ್ ನಿಲ್ದಾಣ. ವಾರವಿಡೀ ಕೆರೆಗಳ ನೀರನ್ನು ಸೀಸೆಗಳಲ್ಲಿ ತುಂಬಿ ಪರೀಕ್ಷಿಸುವ ಸರ್ಕಾರಿ ಕೆಲಸ ಮಾಡಿಕೊಂಡು, ವರ್ಷದ ನಾಲ್ಕು ವಾರಕ್ಕಾಗಿ ಉಳಿದ ನಲವತ್ತೆಂಟು ವಾರ ಬದುಕುವ ಹೆಂಗಸು. ಇವತ್ತಿನಿಂದ ಶನಿವಾರದೊಳಗೆ ಮತ್ತೆ ತಪ್ಪಿದರೆ ಆ ನಾಲ್ಕು ವಾರವೂ ಹೋಯಿತು.

ತಪ್ಪುವ ಭಯಕ್ಕೆ ಕಾರಣ ಅವಳ ಬಲಗೈ. ಎರಡು ವರ್ಷದ ಹಿಂದೆ, ಚಳಿಗಾಲಕ್ಕೆ ಸೌದೆ ಮಾಡುವಾಗ, ಸೌದೆ ಸೀಳುವ ಯಂತ್ರ ಉಂಗುರದ ಬೆರಳನ್ನೂ ಕಿರುಬೆರಳನ್ನೂ ತೆಗೆದುಕೊಂಡಿತ್ತು. ದಿಮ್ಮಿ ಇಡುತ್ತಿದ್ದವಳು ಅವಳು, ಯಂತ್ರ ನಡೆಸುತ್ತಿದ್ದವನು ಅಪ್ಪ. ಆ ದಿನದ ಬಗ್ಗೆ ಇಬ್ಬರೂ ಒಂದು ಮಾತೂ ಆಡಿರಲಿಲ್ಲ.

ಅವಳ ಕೋವಿ ಲಿವರಿನದು. ಹದಿನಾರು ತುಂಬಿದ ದಿನ ಅಪ್ಪ ಕೊಟ್ಟದ್ದು. ಹಿಡಿಯ ಕೆಳಗೆ ಬಳೆಯಂಥ ಒಂದು ಲಿವರ್ ಇರುತ್ತದೆ. ಕೈಯ ಕೆಳಗಿನ ಮೂರು ಬೆರಳನ್ನು ಅದರೊಳಗೆ ತೂರಿಸಿ ಮುಂದಕ್ಕೆ ತಳ್ಳಿದರೆ ಖಾಲಿ ತೋಟಾ ಹಾರುತ್ತದೆ, ಹಿಂದಕ್ಕೆಳೆದರೆ ಹೊಸದು ಒಳಗೆ ಕೂರುತ್ತದೆ. ಆ ಮೂರರಲ್ಲಿ ಈಗ ಒಂದೇ ಬೆರಳು ಉಳಿದಿತ್ತು. ಹೋದ ವರ್ಷ ಮೊದಲ ಈಡು ಜಿಂಕೆಯ ಬೆನ್ನ ಮೇಲಿಂದ ಹಾದುಹೋಯಿತು. ಲಿವರನ್ನು ತಳ್ಳಿದಳು, ಅರ್ಧಂಗುಲ ಕಡಿಮೆ ಬಿತ್ತು. ಹಳೇ ತೋಟಾ ಹೊರಗೆ ಬರಲಿಲ್ಲ, ಹೊಸದು ಒಳಗೆ ಹೋಗಲಿಲ್ಲ. ಎರಡೂ ಸಿಕ್ಕಿಕೊಂಡ ಕೋವಿಯನ್ನು ಹಿಡಿದುಕೊಂಡು, ಬಿಳೀ ಬಾಲ ಎತ್ತಿ ಓಡಿದ ಗಂಡು ಜಿಂಕೆ ಮರೆಯಾಗುವುದನ್ನು ನೋಡುತ್ತಾ ನಿಂತಿದ್ದಳು.

ಆ ಚಳಿಗಾಲ ಅಪ್ಪ ಕೊಟ್ಟಿಗೆಯಲ್ಲಿ ಕೂತು ಹೊಸ ಬಳೆ ಮಾಡಿದ. ಇಡೀ ಅಂಗೈ ಹೋಗುವಷ್ಟು ಅಗಲ. ತಾನೇ ಹದ ಮಾಡಿದ ಜಿಂಕೆಯ ಚರ್ಮವನ್ನು ಅದಕ್ಕೆ ಸುತ್ತಿ, ಸೂಜಿಯಲ್ಲಿ ಹೊಲಿದು, ಕೋವಿಗೆ ಕೂರಿಸಿ ಅವಳ ಮುಂದಿಟ್ಟು "ನೋಡು" ಎಂದಷ್ಟೇ ಹೇಳಿದ್ದ. ಆ ಬಳೆ ಕೆಲಸ ಮಾಡಿಬಿಟ್ಟರೆ ಏನೂ ಕಳೆದುಹೋಗಿಲ್ಲವೆಂದು ಲೆಕ್ಕ. ಅವನ ಮುಖ ಹಾಗಂತ ಹೇಳುತ್ತಿತ್ತು. ಆಗಸ್ಟಿನ ಬಿಸಿಲಲ್ಲಿ ಅದು ಕೆಲಸ ಮಾಡಿಯೂ ಮಾಡಿತು.

ಆದರೆ ಮಾರ್ವಾ ಒಂದೇ ಪರೀಕ್ಷೆಯನ್ನು ನಂಬುವವಳಲ್ಲ. ಯಾರಿಗೂ ಹೇಳದೆ ಒಂದು ಹಳೇ ಪಂಪ್ ಕೋವಿ ಕೊಂಡಳು. ಅದರಲ್ಲಿ ಕೆಲಸ ಎಡಗೈಯದು: ನಳಿಗೆಯ ಕೆಳಗಿನ ಮರದ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಸಾಕು. ಬಲಗೈ ಇದ್ದಲ್ಲೇ ಇರುತ್ತದೆ. ಊರಾಚೆಯ ಜಲ್ಲಿಗುಂಡಿಯ ಇಳಿಜಾರಿನಲ್ಲಿ, ಹಳೇ ಟೈರಿನ ನಡುವೆ ರಟ್ಟು ಕೂರಿಸಿ, ಅದಕ್ಕೆ ಕೊಟ್ಟ ಆನಿಕೆಗೆ ಹಗ್ಗ ಬಿಗಿದು ಹಗ್ಗದ ತುದಿಯನ್ನು ತನ್ನ ಕಾಲಿಗೆ ಕಟ್ಟಿಕೊಂಡಳು. ಕಾಲು ಜಗ್ಗಿದರೆ ಟೈರು ಉರುಳಿ ಜಿಂಕೆಯ ಹಾಗೆ ಕುಪ್ಪಳಿಸುತ್ತಾ ಓಡುತ್ತಿತ್ತು. ಒಮ್ಮೆ ಲಿವರಿನಲ್ಲಿ, ಒಮ್ಮೆ ಪಂಪಿನಲ್ಲಿ, ಒಂದೊಂದು ಸಲಕ್ಕೆ ಎರಡೆರಡು ಈಡು. ಅಕ್ಟೋಬರಿನ ಚಳಿ ಶುರುವಾದ ಮೇಲೆ ಕೈಗವಸು ಹಾಕಿಕೊಂಡು ಮತ್ತೆ ಅದನ್ನೇ. ಚಳಿಗೆ ಅಪ್ಪನ ಬಳೆಯ ಚರ್ಮ ಸೆಟೆದುಕೊಂಡಿತು; ಲಿವರ್ ಮತ್ತೆ ಅದೇ ಅರ್ಧಂಗುಲ ಹಿಂದೆ ನಿಲ್ಲತೊಡಗಿತು.

ಪಂಪಿನದು ಬೇರೆಯೇ ಕಾಯಿಲೆ. ಮೊದಲ ಈಡು ಹೊಡೆದ ಕೂಡಲೇ ಅವಳ ಬಲಗೈ ತಾನಾಗಿ ಹಿಡಿಯನ್ನು ಬಿಟ್ಟು ಕೆಳಕ್ಕಿಳಿದು, ಇಲ್ಲದ ಲಿವರನ್ನು ಮುಂದಕ್ಕೆ ತಳ್ಳಲು ಹೋಗುತ್ತಿತ್ತು. ಮೂವತ್ತೊಂದು ವರ್ಷದ ಅಭ್ಯಾಸ ಅದು, ಹೇಳಿದರೆ ಕೇಳುವಂಥದ್ದಲ್ಲ. ಲಿವರಿನ ವಿಷಯದಲ್ಲಿ ಕೈಗೆ ಗೊತ್ತಿತ್ತು, ಆಗುತ್ತಿರಲಿಲ್ಲ. ಪಂಪಿನ ವಿಷಯದಲ್ಲಿ ಕೈಗೆ ಆಗುತ್ತಿತ್ತು, ಗೊತ್ತಿರಲಿಲ್ಲ. ಸಂಜೆಸಂಜೆ ಅಡುಗೆಮನೆಯಲ್ಲಿ ಖಾಲಿ ಕೋವಿ ಹಿಡಿದು ಕೈಗೆ ಪಾಠ ಹೇಳಿದಳು. ಹತ್ತರಲ್ಲಿ ಒಂದು ಸಲ ಅದು ಇನ್ನೂ ಇಳಿಯುತ್ತಿತ್ತು.

ಆ ಬೆಳಿಗ್ಗೆ ಎರಡೂ ಕೋವಿಗಳು ಅವಳ ಗಾಡಿಯಲ್ಲಿದ್ದವು. ಕಾಫಿಯ ಲೋಟ ಹಿಡಿದು ಹೊರಗೆ ಬಂದಳು. ಲಿವರಿನದನ್ನು ತೆಗೆದು, ಖಾಲಿ ಇದೆಯೆಂದು ನೋಡಿ, ಕೈಗವಸು ಹಾಕಿ ಹೆಗಲಿಗಿಟ್ಟು ತಳ್ಳಿದಳು. ನಿಂತಿತು. ಮತ್ತೆ ತಳ್ಳಿದಳು. ಹಲ್ಲು ಕಚ್ಚಿ ತಳ್ಳಿದರೆ ಪೂರ್ತಿ ಹೋಗುತ್ತಿತ್ತು. ಆದರೆ ಅಷ್ಟರಲ್ಲಿ ಕೋವಿಯ ಮೂತಿ ಹಿಮದ ಕಡೆಗೆ ಬಾಗಿರುತ್ತಿತ್ತು. ಜಿಂಕೆ ಹಲ್ಲು ಕಚ್ಚುವವರೆಗೆ ಕಾಯುತ್ತದೆಯೇ?

ಹೆಬ್ಬೆರಳಿನಿಂದ ಚರ್ಮವನ್ನು ಸವರಿದಳು. ಬಳೆಯ ಮೇಲಿನ ಹೊಲಿಗೆ ಎಷ್ಟು ಸಣ್ಣದಾಗಿತ್ತು! ಆ ಮುದಿಗಣ್ಣಿಗೆ ಕನ್ನಡಕ ಏರಿಸಿಕೊಂಡು ಹಾಕಿದ ಹೊಲಿಗೆ. ಆಮೇಲೆ ಆ ಕೋವಿಯನ್ನು ಚೀಲಕ್ಕೆ ಸೇರಿಸಿ, ಪಂಪಿನದನ್ನು ತೆಗೆದುಕೊಂಡು ಒಳಗೆ ಹೋಗಿ ಮೇಜಿನ ಮೇಲಿಟ್ಟಳು.

ವೆಂಡಲ್ ಬಾಯಿಗೆ ಹೋಗುತ್ತಿದ್ದ ತುತ್ತನ್ನು ತಡೆದ. "ಅಯ್ಯಯ್ಯೋ."

ಓರಿನ್ ಒಲೆಯ ಕಡೆಯಿಂದ ತಿರುಗಿ ನೋಡಿದ. "ಏನದು?"

"ಕಣ್ಣಿಗೆ ಕಾಣ್ತಿದೆಯಲ್ಲ ಅಪ್ಪ."

"ಸೈಕಲ್ಲಿಗೆ ಗಾಳಿ ಹೊಡೆಯೋದು ಕಾಣ್ತಿದೆ. ಕೋವಿ ಎಲ್ಲಿ?"

"ಇದೇ ಕೋವಿ."

"ಪಂಪು ಅಂದ್ರೆ ಬಾವಿಗೆ ಹಾಕೋದು. ಕಾಡಿಗೆ ತಗೊಂಡು ಹೋದ್ರೆ ಗಡಗಡ ಅಂತ ಅಲ್ಲಾಡುತ್ತೆ. ಒಂದು ಮೈಲಿಯಾಚೆ ಮಲಗಿರೋ ಜಿಂಕೆ ಎದ್ದು 'ಪೆಲ್ಕಿ ಮಗಳು ಬಂದ್ಲು' ಅನ್ನುತ್ತೆ."

"ಅಲ್ಲಾಡಿಸಿ ನೋಡು."

ಅವನು ಕೋವಿಯನ್ನು ಕಿವಿಯ ಹತ್ತಿರ ಹಿಡಿದು, ಮೊಟ್ಟೆ ಕೊಳೆತಿದೆಯೋ ಎಂದು ನೋಡುವ ಹಾಗೆ ಅಲ್ಲಾಡಿಸಿದ. ಸದ್ದಿಲ್ಲ. ನಳಿಗೆಯ ಕೆಳಗಿನ ಹಿಡಿಯ ಒಳಗೆ ಮಾರ್ವಾ ಹಳೇ ಟೋಪಿಯ ಉಣ್ಣೆಯನ್ನು ಪಟ್ಟಿ ಮಾಡಿ ಅಂಟಿಸಿದ್ದಳು.

"ಕೈಯಲ್ಲಿ ಹಿಡ್ಕೊಂಡು ನಡೆಯೋಕೆ ದಪ್ಪ," ಎಂದ. "ಲಿವರಿನದು ಚಪ್ಪಟೆ. ಸೊಂಟದ ಹತ್ತಿರ ಒಂದೇ ಕೈಲಿ ತೂಗುತ್ತೆ. ದಿನವಿಡೀ ನಡೆದ್ರೂ ಕೈ ಇದೆ ಅಂತ ಗೊತ್ತಾಗಲ್ಲ."

"ಅದು ನಿಜ. ನಡೆಯೋಕೆ ಅದೇ ಒಳ್ಳೇದು," ಎಂದಳು ಮಾರ್ವಾ. "ಆದ್ರೆ ನಾನು ನಡೆಯೋಕಷ್ಟೇ ಹೋಗ್ತಿಲ್ಲ. ಎರಡನೇ ಈಡಿಗೆ ಇದು."

"ಮೊದಲನೇದು ಸರಿಯಾಗಿ ಹೊಡೆದ್ರೆ ಎರಡನೇದು ಯಾಕೆ?"

"ಆ ಮಾತು ಗೋಡೆಗೆ ಹೇಳಿ ದೊಡ್ಡಪ್ಪ," ಎಂದು ವೆಂಡಲ್ ತೂಗಾಡುವ ತುಂಡುಗಳ ಕಡೆ ಚಮಚ ತೋರಿಸಿದ. "ಅದರಲ್ಲಿ ನಿಮ್ಮದೂ ಮೂರಿದೆ. ನನ್ನ ಥರ ದುರ್ಬೀನಿನ ಕೋವಿ ಹಿಡ್ಕೊಂಡು ಬೆಚ್ಚಗೆ ಒಂದು ಕಡೆ ಕೂತ್ಕೊಳ್ಳೋದು ಬಿಟ್ಟು, ಅಪ್ಪ ಮಗಳಿಬ್ಬರೂ ಕಬ್ಬಿಣದ ಮೇಲೆ ಜಗಳ ಆಡ್ತೀರಲ್ಲ."

"ನೀನು ಸುಮ್ನಿರೋ. ನಿನ್ನದು ಬೇಟೆ ಅಲ್ಲ, ನಿದ್ದೆ."

ಓರಿನ್ ಮತ್ತೆ ಪಂಪ್ ಕೋವಿಯನ್ನು ನೋಡಿದ. "ಬಳೆ ಆಗ್ಲಿಲ್ವಾ?"

"ಬೇಸಗೇಲಿ ಆಗುತ್ತೆ ಅಪ್ಪ. ಚಳೀಲಿ ಆಗ್ತಿಲ್ಲ."

ಓರಿನ್ ಕೋವಿಯನ್ನು ಮೆಲ್ಲಗೆ ಮೇಜಿಗಿಟ್ಟು, ಅವಳ ತಟ್ಟೆಗೆ ಇನ್ನೊಂದು ಪ್ಯಾನ್‌ಕೇಕ್ ಹಾಕಿದ. ಅದರ ಮೇಲೆ ಮೇಪಲ್ ಪಾಕ ಸುರಿದ. "ತಗೊಂಡು ಹೋಗು. ಆದ್ರೆ ತಪ್ಪಿದ್ರೆ ಕತ್ತರಿ ನಾನೇ ಹಿಡಿಯೋದು. ವೆಂಡಲ್ ಓರೆ ಕತ್ತರಿಸ್ತಾನೆ."

ಬೆಳಕು ಹರಿಯುವ ಹೊತ್ತಿಗೆ ಮಾರ್ವಾ ಹೊಳೆ ದಾಟಿ, ಕೆನಡಾ ಗಡಿಯ ಕಡೆಗೆ ಏರುವ ಹಳೇ ದಿಮ್ಮಿ ರಸ್ತೆಯಲ್ಲಿದ್ದಳು. ಕಿತ್ತಳೆ ಟೋಪಿ, ಕಿತ್ತಳೆ ಅಂಗಿ, ಜೇಬಲ್ಲಿ ಎರಡು ಬ್ರೆಡ್ಡಿನ ತುಂಡು. ಮೊದಲ ಜಾಡು ತಾಯಿ ಮರಿಗಳದು. ಎರಡನೆಯದು ಪಡ್ಡೆ ಗಂಡಿನದು. ಮೂರನೆಯದು ರಸ್ತೆಗೆ ಅಡ್ಡವಾಗಿ ಫರ್ ಮರಗಳ ಕಡೆ ಹೋಗಿತ್ತು. ಅದನ್ನು ನೋಡಿ ಅವಳು ಮಂಡಿಯೂರಿದಳು.

ಎಡಗೈಯ ಮೂರು ಬೆರಳು ಜೋಡಿಸಿ ಇಟ್ಟರೂ ಗೊರಸಿನ ಅಚ್ಚು ತುಂಬಲಿಲ್ಲ. ಹಿಂದಿನ ಸಣ್ಣ ಗೊರಸುಗಳೂ ಆಳವಾಗಿ ಒತ್ತಿದ್ದವು. ಮೈಯಲ್ಲಿ ತೂಕ ಇರುವ ಪ್ರಾಣಿ. ಹೆಜ್ಜೆಯಿಂದ ಹೆಜ್ಜೆಗೆ ಕಾಲೆಳೆದ ಗೆರೆ. ಸ್ವಲ್ಪ ಮುಂದೆ ಅದು ತಲೆ ಬಗ್ಗಿಸಿ ಏನನ್ನೋ ಮೂಸಿದ್ದ ಕಡೆ, ಹಿಮದ ಮೇಲೆ ಅಕ್ಕಪಕ್ಕದಲ್ಲಿ ಕೊಂಬಿನ ತುದಿಗಳು ಚುಚ್ಚಿದ ತೂತುಗಳು ಬಿದ್ದಿದ್ದವು. ಆ ತೂತುಗಳ ನಡುವಿನ ಅಂತರವನ್ನು ಮಾರ್ವಾ ಗೇಣಿನಲ್ಲಿ ಅಳೆದಳು, ಮತ್ತೊಮ್ಮೆ ಅಳೆದಳು. "ಬಾ ಮಾರಾಯ," ಎಂದು ಪಿಸುಗುಟ್ಟಿದಳು, ಕರೆದರೆ ಬರುವವನ ಹಾಗೆ.

ಜಾಡು ಹಿಡಿದು ಹೋಗುವುದೆಂದರೆ ಒಂದು ಪ್ರಾಣಿಯ ಮನಸ್ಸನ್ನು ಅದರ ಕಾಲಿನಿಂದ ಓದುವುದು. ಈ ಗಂಡಿಗೆ ಎಲ್ಲಿಗೋ ಹೋಗುವ ಕೆಲಸವಿತ್ತು. ನಿಂತು ಮೇಯಲಿಲ್ಲ. ಹೆಣ್ಣು ಜಿಂಕೆ ಮಲಗಿದ್ದ ಎರಡು ತಾಣಗಳನ್ನು ಸುತ್ತಿ ನೋಡಿ, ಯಾರೂ ಇಲ್ಲದ್ದಕ್ಕೆ ಒಂದು ಫರ್ ಸಸಿಯ ಮೇಲೆ ಸಿಟ್ಟು ತೀರಿಸಿಕೊಂಡಿತ್ತು. ಸಿಪ್ಪೆ ಹಿಮದ ಮೇಲೆ ಚೆಲ್ಲಿತ್ತು. ಬೀವರ್ ಎಂಬ ನೀರಿನ ಪ್ರಾಣಿಗಳು ಒಡ್ಡು ಕಟ್ಟಿದ ಕೆರೆಯ ಅಂಚಿನಲ್ಲಿ ತೆಳು ಮಂಜುಗಡ್ಡೆ ಮುರಿದು ದಾಟಿತ್ತು. ಅವಳೂ ದಾಟಿದಳು; ಎಡ ಬೂಟಿನೊಳಗೆ ನೀರು ಹೋಯಿತು. ಕೋವಿ ದಪ್ಪವೆಂದು ಅಪ್ಪ ಹೇಳಿದ್ದು ಸುಳ್ಳಲ್ಲ. ಹತ್ತು ಗಂಟೆಯ ಹೊತ್ತಿಗೆ ಅಂಗೈ ನೋಯತೊಡಗಿತು, ಮಡಿಸಿದ ತೋಳ ಮೇಲೆ ಇಟ್ಟುಕೊಂಡು ನಡೆದಳು.

ಏರು ಮುಗಿದು, ಬೀಚ್ ಮರಗಳಿದ್ದ ಗುಡ್ಡದ ಬೆನ್ನು ಸಿಕ್ಕಿತು. ಅಲ್ಲಿ ಜಾಡಿನ ಗತಿ ಬದಲಾಯಿತು. ನೇರ ಹೋಗುತ್ತಿದ್ದ ಹೆಜ್ಜೆಗಳು ಅತ್ತ ಇತ್ತ ಅಲೆಯತೊಡಗಿದವು. ಒಂದು ಕಡೆ ಎಲೆ ಕೆದಕಿ ಬೀಚ್ ಕಾಯಿ ತಿಂದಿತ್ತು. ಮಲಗಲು ಜಾಗ ಹುಡುಕುತ್ತಿದೆ ಎಂದುಕೊಂಡಳು. ಹೆಜ್ಜೆಯಚ್ಚಿನ ಅಂಚು ಇನ್ನೂ ಚೂಪಾಗಿತ್ತು, ಒಳಗೆ ಒಂದು ಕಣವೂ ಉದುರಿರಲಿಲ್ಲ. ಮಾರ್ವಾ ಬಲಗೈಯ ಗವಸು ಬಿಚ್ಚಿ ಜೇಬಿಗೆ ತುರುಕಿದಳು. ಒಂದು ಹೆಜ್ಜೆ ಇಟ್ಟು ಹತ್ತು ಉಸಿರು ನಿಂತಳು. ಇನ್ನೊಂದು ಹೆಜ್ಜೆ ಇಟ್ಟಳು. ಮರಗಳ ನಡುವೆ ಮರದ ಹಾಗಿಲ್ಲದ್ದನ್ನು ಹುಡುಕಿದಳು. ಮರಗಳೆಲ್ಲ ಉದ್ದಕ್ಕೆ ನಿಂತಿರುತ್ತವೆ. ಅಡ್ಡಕ್ಕಿರುವುದು ಬಿದ್ದ ಮರ, ಇಲ್ಲವೆ ಜಿಂಕೆಯ ಬೆನ್ನು.

ಐವತ್ತು ಗಜದಾಚೆ, ಬಿದ್ದ ಸ್ಪ್ರೂಸ್ ಮರದ ಹಿಂದೆ, ಒಂದು ಅಡ್ಡಗೆರೆ ಉಸಿರಾಡುತ್ತಿತ್ತು.

ಅದು ಆಗಲೇ ಎದ್ದು ನಿಂತು ತನ್ನದೇ ಜಾಡಿನ ಕಡೆ ನೋಡುತ್ತಿತ್ತು. ಕೊಂಬು ಒಣಗಿದ ಕೊಂಬೆಗಳ ನಡುವೆ ಕೊಂಬೆಯಾಗಿತ್ತು. ಕಿವಿ ತಿರುಗಿದಾಗಲೇ ಅದು ತಲೆಯೆಂದು ಗೊತ್ತಾದದ್ದು. ಭುಜದ ಹಿಂದೆ ಒಂದು ಗೇಣು ಮೈ ಮರೆಯಿಲ್ಲದೆ ಕಾಣುತ್ತಿತ್ತು. ಮಾರ್ವಾ ಕೋವಿ ಎತ್ತಿದಳು. ಬೆರಳು ಮಡಿಸಿ ಕೋವಿಯ ಕುದುರೆ ಎಳೆದಳು.

ನಡುವೆ ಇದ್ದ ಹೆಬ್ಬೆರಳ ಗಾತ್ರದ ಬೀಚ್ ಸಸಿ ಫಟ್ಟೆಂದು ಮುರಿದು ಬಿತ್ತು. ಜಿಂಕೆ ನೆಗೆಯಿತು.

ಆ ಕ್ಷಣದಲ್ಲಿ ಬಲಗೈ ಇಳಿಯಿತು. ಅವಳು ಎಷ್ಟು ಪಾಠ ಹೇಳಿದ್ದರೂ ಇಳಿಯಿತು. ಹಿಡಿ ಬಿಟ್ಟು ಕೆಳಗೆ ಹೋಗಿ, ಇಲ್ಲದ ಬೆರಳುಗಳಿಂದ ಇಲ್ಲದ ಲಿವರನ್ನು ಮುಂದಕ್ಕೆ ತಳ್ಳಿತು. ಬರೀ ಗಾಳಿ ಸಿಕ್ಕಿತು. ಮುಗಿಯಿತು ಎಂದುಕೊಂಡಳು.

ಆದರೆ ಎಡಗೈ ಅವಳನ್ನು ಕೇಳಲೇ ಇಲ್ಲ. ಕೋವಿಯನ್ನು ಹೆಗಲಿಗೆ ಒತ್ತಿ ಹಿಡಿದಿದ್ದದ್ದೇ ಆ ಕೈ; ಒತ್ತಿದ ಹಾಗೇ ಹಿಂದಕ್ಕೆಳೆಯಿತು, ಮುಂದಕ್ಕೆ ತಳ್ಳಿತು. ಖಾಲಿ ತೋಟಾ ಕಣ್ಣಂಚಿನಲ್ಲಿ ಹೊಳೆದು ಹೋಯಿತು. ಕೋವಿಯ ಮೂತಿ ಕೂದಲೆಳೆಯಷ್ಟೂ ಕದಲಲಿಲ್ಲ. ಪೆಚ್ಚಾಗಿ ಮೇಲೆ ಬಂದ ಬಲಗೈ ಹಿಡಿಯನ್ನು ಹಿಡಿಯುವ ಹೊತ್ತಿಗೆ ಕೋವಿ ಸಿದ್ಧವಾಗಿ ನಿಂತಿತ್ತು. ಗುರಿಯ ಮುಳ್ಳು ಎರಡು ಮೇಪಲ್ ಮರಗಳ ನಡುವಿನ ಬಯಲಿಗೆ ಹೋಯಿತು. ಜಲ್ಲಿಗುಂಡಿಯ ಟೈರಿನ ಹಾಗೆಯೇ ಕುಪ್ಪಳಿಸುತ್ತಾ, ಆ ಗಂಡು ಬಯಲಿಗೆ ಬಂತು. ಎರಡನೆಯ ಈಡು.

ಜಿಂಕೆ ಇನ್ನೂ ಮೂರು ನೆಗೆತ ನೆಗೆದು, ನಾಲ್ಕನೆಯದಕ್ಕೆ ಮುಂಗಾಲು ಮಡಿಸಿ ಹಿಮವನ್ನು ಉಳುತ್ತಾ ಬಿತ್ತು. ಮತ್ತೆ ಅಲುಗಲಿಲ್ಲ.

ಮಾರ್ವಾ ಹೊಸ ತೋಟಾ ಏರಿಸಿ, ಹತ್ತಿರ ಹೋಗಿ, ಕಡ್ಡಿಯಿಂದ ಕಣ್ಣು ಮುಟ್ಟಿ ನೋಡಿದಳು. ಆಮೇಲೆ ಅದರ ಕೊರಳ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತಳು. ಬಿಸಿ ಇನ್ನೂ ಇತ್ತು. ಹತ್ತು ಕವಲಿನ ಕೊಂಬು, ಬುಡದಲ್ಲಿ ಮರದ ತೊಗಟೆಯ ಹಾಗೆ ಒರಟು. ಎದ್ದು ನಿಂತಾಗ ಅವಳ ಗಂಟಲಿನಿಂದ ತಾನಾಗಿ ಒಂದು ಕೂಗು ಹೊರಟಿತು. "ಹೋ...ಓ!" ಗುಡ್ಡ ಅದನ್ನು ಮರಳಿಸಿತು. ಯಾರೂ ಇಲ್ಲವೆಂದು ಇನ್ನೊಮ್ಮೆ ಕೂಗಿದಳು, ಮೊದಲಿಗಿಂತ ಗಟ್ಟಿಯಾಗಿ. ನಲವತ್ತೇಳು ವರ್ಷದ ಹೆಂಗಸು, ಒದ್ದೆ ಬೂಟಿನಲ್ಲಿ, ಹಿಮದ ಮೇಲೆ ಕುಣಿದಳು.

ಕರುಳು ತೆಗೆದು ಮುಗಿಸುವ ಹೊತ್ತಿಗೆ ಅಪ್ಪ ಬಂದ, ಅವಳದೇ ಹೆಜ್ಜೆಯಲ್ಲಿ ಹೆಜ್ಜೆಯಿಟ್ಟು. ಅವನ ಹಳೇ ಲಿವರ್ ಕೋವಿ ಒಂದು ಕೈಯಲ್ಲಿ ಹಗುರವಾಗಿ ತೂಗುತ್ತಿತ್ತು. ಜಿಂಕೆಯನ್ನು ದೂರದಿಂದಲೇ ನೋಡಿದವನು ಅದರ ಹತ್ತಿರ ಬರಲಿಲ್ಲ. ಮೊದಲು ಅವಳು ನಿಂತು ಈಡು ಹೊಡೆದ ಜಾಗಕ್ಕೆ ಹೋದ. ಬೂಟಿನ ಗುರುತು ನೋಡಿದ. ಬಗ್ಗಿ ಹಿಮದಲ್ಲಿ ಕೆದಕಿ ಎರಡು ಖಾಲಿ ತೋಟಾ ಹೆಕ್ಕಿದ. ಒಂದಕ್ಕೊಂದು ಒಂದು ಗೇಣು ದೂರದಲ್ಲಿ ಬಿದ್ದಿದ್ದವು. ಅಲ್ಲಿಂದ ಮುರಿದ ಸಸಿಗೆ ಹೋಗಿ, ಬೆಳ್ಳಗೆ ಸೀಳಿದ ಗಾಯದ ಮೇಲೆ ಬೆರಳಾಡಿಸಿದ.

"ಮೊದಲನೇದು ಇದಕ್ಕೆ."

"ಹೂಂ. ಕಾಣಲಿಲ್ಲ ಅದು."

"ಯಾರಿಗೂ ಕಾಣಲ್ಲ." ಮತ್ತೆ ಬೂಟಿನ ಗುರುತಿನ ಕಡೆ ನೋಡಿದ. "ಕಾಲು ಕದಲಿಲ್ಲ ನೀನು. ನಾನು ಕೆಳಗೆ ಹೊಳೇ ಹತ್ತಿರ, ವೆಂಡಲ್ ಕೂತ ಕಡೆ ಇದ್ದೆ. ಒಂದು ಈಡಿನ ಸದ್ದಿನ ಬಾಲ ಹಿಡ್ಕೊಂಡು ಇನ್ನೊಂದು ಬಂತು. ಯಾರೋ ಇಬ್ಬರು ಹೊಡೀತಿದಾರೆ ಅಂದ ವೆಂಡಲ್. ಇಲ್ಲ ಕಣೋ, ಅದು ನಮ್ಮ ಸೈಕಲ್ ಪಂಪು ಅಂದೆ."

"ಬಲಗೈ ಇಳೀತು ಅಪ್ಪ. ಹಿಡಿ ಬಿಟ್ಟು ಲಿವರ್ ಹುಡುಕೋಕೆ ಹೋಯ್ತು. ಸುಮ್ನೆ ಗಾಳೀಲಿ."

ಓರಿನ್ ಅವಳನ್ನು ದಿಟ್ಟಿಸಿ ನೋಡಿದ. ಆಮೇಲೆ ನಗು ಅವನ ಹೊಟ್ಟೆಯಿಂದ ಎದ್ದು ಬಂತು. "ನನ್ನ ಹೊಸ ಗಾಡಿಗೆ ಕ್ಲಚ್ಚೇ ಇಲ್ಲ. ಏಪ್ರಿಲಲ್ಲಿ ತಗೊಂಡದ್ದು. ಇವತ್ತಿಗೂ ನಿಲ್ಲಿಸಬೇಕಾದ್ರೆಲ್ಲ ಎಡಗಾಲು ನೆಲ ತುಳಿಯುತ್ತೆ. ಹೋದ ವಾರ ಅಂಗಡಿ ಮುಂದೆ ಎಷ್ಟು ಜೋರಾಗಿ ತುಳಿದೆ ಅಂದ್ರೆ ಕಾಲು ಉಳುಕ್ತು."

"ಅದಕ್ಕೇನಾ ಕುಂಟ್ತಾ ಇದ್ದದ್ದು? ಜಾರಿ ಬಿದ್ದೆ ಅಂದೆಯಲ್ಲ!"

"ವೆಂಡಲ್ ಮುಂದೆ ಇನ್ನೇನು ಹೇಳಲಿ?"

ಇಬ್ಬರೂ ಜಿಂಕೆಯ ಅತ್ತ ಇತ್ತ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ ಅವನು ಬಂದು ಅವಳ ಎದುರು ಮಂಡಿಯೂರಿದ. ನೆತ್ತರು ಮೆತ್ತಿದ್ದ ಅವಳ ಬಲಗೈಯನ್ನು ಎಳೆದುಕೊಂಡು, ಒಂದು ಹಿಡಿ ಹಿಮದಿಂದ ತಿಕ್ಕಿದ. ಹೆಬ್ಬೆರಳು, ತೋರುಬೆರಳು, ನಡುಬೆರಳು. ಆಮೇಲೆ ಬೆರಳಿಲ್ಲದ ಎರಡು ಗಂಟುಗಳನ್ನೂ ಅಷ್ಟೇ ನಿಧಾನವಾಗಿ ತಿಕ್ಕಿದ. ಎರಡು ವರ್ಷದಲ್ಲಿ ಅವನು ಆ ಕೈ ಮುಟ್ಟಿದ್ದು ಅದೇ ಮೊದಲು. ಮಾರ್ವಾ ಕೈ ಬಿಡಿಸಿಕೊಳ್ಳಲಿಲ್ಲ.

"ಆ ಬಳೆ ಬಿಚ್ಚಿ ಹಳೇದು ಹಾಕ್ತೀನಿ," ಎಂದ, ಅವಳ ಮುಖ ನೋಡದೆ. "ಆ ಕೋವಿ ನನಗೆ ವಾಪಸ್ ಕೊಡು. ನನ್ನದಕ್ಕೆ ವಯಸ್ಸಾಯ್ತು. ನಿನಗೆ ಇದಿದೆಯಲ್ಲ."

"ತಗೋ."

"ಆದ್ರೂ ನಡೆಯೋಕೆ ಲಿವರಿನದೇ ಒಳ್ಳೇದು."

"ನಾನೂ ಅದನ್ನೇ ಹೇಳಿದ್ದು."

"ನನ್ನ ಆ ದೊಡ್ಡ ಗಂಡು ಜಿಂಕೆ ಬಿದ್ದದ್ದೂ ಲಿವರಿನಲ್ಲೇ. ಎಂಬತ್ತೆಂಟರಲ್ಲಿ. ಪಂಪಿನಲ್ಲಿ ಅಂಥದ್ದು ಬೀಳಿಸಿದವರನ್ನ ಈ ಹೊಳೇ ಸಾಲಲ್ಲಿ ನಾನು ನೋಡಿಲ್ಲ. ಅಂಗಡಿ ತಕ್ಕಡಿ ಏನು ಹೇಳುತ್ತೋ ನೋಡೋಣ."

ವೆಂಡಲ್ ಹಗ್ಗ ಹಿಡಿದು ಬಂದ. ಮೊದಲು ಜಿಂಕೆಯನ್ನು ನೋಡಿ ಟೋಪಿ ತೆಗೆದ. ಆಮೇಲೆ ಮುರಿದ ಸಸಿ ನೋಡಿ ಮುಖ ಅರಳಿತು. "ಒಂದು ತಪ್ಪಿದೆ! ಅರ್ಧ ಅಂಗಿ ನಮಗೆ ಬರಬೇಕು. ನ್ಯಾಯ ಅಂದ್ರೆ ನ್ಯಾಯ."

"ಮಿಕ ಇಲ್ಲಿ ಬಿದ್ದಿರುವಾಗ ಅಂಗಿಗೆ ಕತ್ತರಿ ಹಾಕೋ ನಿಯಮ ನಮ್ಮಪ್ಪ ಮಾಡಿಲ್ಲ," ಎಂದ ಓರಿನ್. "ನೀನು ಹಗ್ಗ ಎಳಿ. ನಾಳೆಯಿಂದ ನಾನು ಜಾಡು ಹಿಡಿದ್ರೆ ಇವಳು ನನ್ನ ಜೊತೆ. ಮುಂದಿನ ವರ್ಷ ಇವಳು ಹಿಡಿದ್ರೆ ನಾನು ಇವಳ ಹಿಂದೆ. ಇನ್ನು ಜಾಡಿನ ಮಾತು ಯಾರೂ ಎತ್ತಬೇಡಿ."

ಇಳಿಜಾರಾದರೂ ಮೂವರಿಗೂ ಬೆವರಿಳಿಯಿತು. ಮಧ್ಯಾಹ್ನ ಮೂರೂವರೆಗೆ ಗಾಡಿ ಗ್ಲೆನಿಸ್‌ಳ ಅಂಗಡಿಯ ಮುಂದೆ ನಿಂತಿತು. ಓರಿನ್‌ನ ಎಡಗಾಲು ನೆಲ ತುಳಿದ ಸದ್ದು ಮಾರ್ವಾಗೆ ಕೇಳಿಸಿತು. ಪೆಟ್ರೋಲು, ಕಾಫಿ, ಮೀನಿನ ಗಾಳ, ಬೇಟೆಯ ನೋಂದಣಿ ಎಲ್ಲ ಆ ಒಂದೇ ಅಂಗಡಿಯಲ್ಲಿ. ಪಕ್ಕದ ಚಾವಣಿಯ ತೊಲೆಗೆ ದೊಡ್ಡ ಮುಳ್ಳಿನ ತಕ್ಕಡಿ ತೂಗುಹಾಕಿತ್ತು. ಅದರ ಮೇಲಿನ ತೊಲೆಯಲ್ಲಿ ಮಾಸಿದ ಬಣ್ಣದ ಬರಹ: 'ಓರಿನ್ ಪೆಲ್ಕಿ, ೧೯೮೮, ೨೧೧ ಪೌಂಡು.' ಗಾಡಿಯ ಹಿಂಬದಿಯಲ್ಲಿ ಕಂಡ ಕೊಂಬಿಗೆ ಅಂಗಡಿಯೊಳಗಿದ್ದವರೆಲ್ಲ ಕಾಫಿ ಲೋಟ ಸಮೇತ ಹೊರಗೆ ಬಂದರು.

"ಯಾರದಿದು?" ಎಂದಳು ಗ್ಲೆನಿಸ್, ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ.

"ನನ್ನ ಮಗಳದು," ಎಂದ ಓರಿನ್, ಮಾರ್ವಾ ಬಾಯಿ ತೆರೆಯುವ ಮೊದಲೇ. "ಎರಡನೇ ಈಡಿಗೆ. ಓಡ್ತಾ ಇದ್ದದ್ದು. ಪಂಪ್ ಕೋವೀಲಿ."

"ಪಂಪಾ? ನಿಮ್ಮನೇಲಾ?"

"ಕಾಲ ಬದಲಾಗುತ್ತೆ ಗ್ಲೆನಿಸ್. ನೀನು ತೂಗು."

ವೆಂಡಲ್ ಮತ್ತು ಇನ್ನಿಬ್ಬರು ಸರಪಳಿ ಎಳೆದರು. ಗಂಡು ಜಿಂಕೆ ನೆಲ ಬಿಟ್ಟು ಮೇಲೆದ್ದು, ತಿರುಗಿ, ನಿಂತಿತು. ಮುಳ್ಳು ಹಾರಿ ಇನ್ನೂರು ದಾಟಿ, ಹಿಂದೆ ಬಂದು, ಮುಂದೆ ಹೋಗಿ, ನಡುಗಿತು. ಓರಿನ್ ಕನ್ನಡಕ ಮೂಗಿಗೇರಿಸಿ ತಕ್ಕಡಿಯ ಕೆಳಗೆ ಹೋಗಿ ನಿಂತ. ಮುಳ್ಳು ನಿಂತಾಗ ಅವನು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿ ನೋಡಿದ. ಆಮೇಲೆ ಮೂಲೆಯಲ್ಲಿದ್ದ ಬಣ್ಣದ ಡಬ್ಬಿಯನ್ನೂ ಕುಂಚವನ್ನೂ ತಾನೇ ತಂದು, ಏಣಿ ಹತ್ತಿ, ತನ್ನ ಹೆಸರಿನ ಮೇಲೆ ಜಾಗ ನೋಡಿ ಮಗಳ ಹೆಸರು ಬರೆದು, ಕೆಳಗೆ ನೋಡಿದ.

"ಗಟ್ಟಿಯಾಗಿ ಓದು ಗ್ಲೆನಿಸ್. ಎಲ್ಲರಿಗೂ ಕೇಳಲಿ."

ಗ್ಲೆನಿಸ್ ಗಟ್ಟಿಯಾಗಿ ಓದಿದಳು: ಇನ್ನೂರ ಹದಿನೆಂಟು ಪೌಂಡು.